ಯಂತ್ರಕ್ಕೆ ದುಡ್ಡು ಕೊಡುವವರ ಹತ್ತಿರ ಸಂಬಳ ಕೇಳಿದ್ದು

ಬೆಂಗಳೂರಿನಲ್ಲಿ ಕಟ್ಟಡ ಕೆಲಸದವರ ಶೆಡ್‌ಗಳ ಪಕ್ಕ ನಾವೊಂದು ಸಂಜೆ ಕ್ಲಿನಿಕ್ ನಡೆಸುತ್ತೇವೆ. ಯಾದಗಿರಿ, ರಾಯಚೂರು ಕಡೆಯವರೇ ಜಾಸ್ತಿ. ಹಗಲಲ್ಲಿ ಆಸ್ಪತ್ರೆಗೆ ಹೋದರೆ ಅವತ್ತಿನ ಕೂಲಿ ಹೋದಂತೆಯೇ, ಹಾಗಾಗಿ ಸಂಜೆ. ಡಾಕ್ಟರು ದುಡ್ಡು ತೆಗೆದುಕೊಳ್ಳುವುದಿಲ್ಲ. ಉಳಿದದ್ದಕ್ಕೆಲ್ಲ ಹಣ ಹೊಂದಿಸುವುದು ನನ್ನ ಕೆಲಸ.

2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ 3 ವರ್ಷದ ಸರಾಸರಿ ನಿವ್ವಳ ಲಾಭದಲ್ಲಿ 2% ಸಿಎಸ್‌ಆರ್‌ಗೆ, ಅಂದರೆ ಸಮಾಜಕ್ಕೆ ಉಪಯೋಗವಾಗುವ ಕೆಲಸಗಳಿಗೆ, ಖರ್ಚು ಮಾಡಬೇಕು. ಹಾಗಾಗಿ ದುಡ್ಡು ಇದೆ. ಆದರೆ ಅವರಿಗೆ ಕಣ್ಣಿಗೆ ಕಾಣುವಂಥದ್ದು ಬೇಕು: ಇಸಿಜಿ ಯಂತ್ರ, ಆಂಬುಲೆನ್ಸ್, ಬ್ಯಾನರ್ ಕಟ್ಟಿದ ಹೆಲ್ತ್ ಕ್ಯಾಂಪ್. ಕ್ಯಾಂಪಿನಲ್ಲಿ ಬಿಪಿ ನೋಡಿ ಒಂದು ಸ್ಟ್ರಿಪ್ ಮಾತ್ರೆ ಕೊಟ್ಟು ಕಳಿಸುತ್ತಾರೆ. ಆಮೇಲೆ? ಜನೌಷಧಿ ಅಂಗಡಿಯಲ್ಲಿ ಬಿಪಿ ಮಾತ್ರೆ ಬಹಳ ಅಗ್ಗ. ಕಟ್ಟಡ ಮುಗಿದು ಶೆಡ್ ಬೇರೆ ಕಡೆ ಹೋದಾಗ ಹುಡುಕಿಕೊಂಡು ಹೋಗಿ, "ಯಾಕಕ್ಕಾ, ಮಾತ್ರೆ ಬಿಟ್ಟಿದ್ದೀ?" ಎಂದು ಕೇಳುವ ಕಾರ್ಯಕರ್ತೆ ಇದ್ದಾಳಲ್ಲ, ಖರ್ಚು ಬರುವುದು ಅವಳ ಸಂಬಳಕ್ಕೆ.

ಸಂಬಳ ಎಂದ ತಕ್ಷಣ ಮೀಟಿಂಗಿನಲ್ಲಿ ಬರುವ ಮಾತು ಒಂದೇ. "ಮೇಡಂ, ಅದು ಅಡ್ಮಿನ್ ಖರ್ಚು ಅಲ್ವಾ? 5% ಮೇಲೆ ಕೊಡೋ ಹಾಗಿಲ್ಲ."

ಆ 5% ಮಿತಿ ಇರುವುದು ಕಂಪನಿ ತನ್ನ ಸಿಎಸ್‌ಆರ್ ವಿಭಾಗ ನಡೆಸಲು ಮಾಡುವ ಖರ್ಚಿಗೆ. ಯೋಜನೆಯನ್ನು ನೇರವಾಗಿ ನಡೆಸುವ ಖರ್ಚು ಅದರಲ್ಲಿ ಸೇರುವುದಿಲ್ಲ ಎಂದು 2021ರಲ್ಲಿ ತಿದ್ದಿದ ನಿಯಮದಲ್ಲೇ ಇದೆ. ಆ ಪುಟದ ಪ್ರಿಂಟ್ ತೆಗೆದು, ಸಾಲಿನ ಕೆಳಗೆ ಗೆರೆ ಎಳೆದು, ಬ್ಯಾಗಿನಲ್ಲೇ ಇಟ್ಟುಕೊಂಡಿರುತ್ತೇನೆ. ವಾದ ಮಾಡುವುದಿಲ್ಲ, ಸುಮ್ನೆ ಟೇಬಲ್ ಮೇಲೆ ಇಡುತ್ತೇನೆ.

ಬಜೆಟ್ಟನ್ನೂ ಹಾಗೆಯೇ ಬರೆಯುತ್ತೇನೆ. 'ಸಿಬ್ಬಂದಿ ವೆಚ್ಚ' ಎಂಬ ಒಂದು ದೊಡ್ಡ ಮೊತ್ತ ನಮ್ಮ ಹಾಳೆಯಲ್ಲಿ ಇರುವುದಿಲ್ಲ. 'ಬಿಪಿ, ಶುಗರ್ ರೋಗಿಗಳ ಮನೆ ಭೇಟಿ' ಎಂಬ ಸಾಲಿನ ಅಡಿಯಲ್ಲಿ ಕಾರ್ಯಕರ್ತೆಯ ಸಂಬಳ, ಬಸ್ ಪಾಸ್, ಮೊಬೈಲ್ ರೀಚಾರ್ಜ್, ಬಿಪಿ ಯಂತ್ರದ ಸೆಲ್ಲು, ಎಲ್ಲ ಒಟ್ಟಿಗೆ. ಪಕ್ಕದ ಕಾಲಂನಲ್ಲಿ ಒಬ್ಬ ರೋಗಿಗೆ ತಿಂಗಳಿಗೆ ಎಷ್ಟು ಬೀಳುತ್ತದೆ ಎಂಬ ಲೆಕ್ಕ. ಫೈನಾನ್ಸ್‌ನವರು ಮೊದಲು ನೋಡುವುದು ಆ ಕಾಲಂ. ಇದರಲ್ಲಿ ಮುಚ್ಚುಮರೆ ಏನೂ ಇಲ್ಲ, ಸಂಬಳ ಎಷ್ಟು ಎಂದು ಅಲ್ಲೇ ಬರೆದಿರುತ್ತದೆ.

ಇನ್ನೊಂದು ವಿಷಯ ಮಾರ್ಚ್ ತಿಂಗಳದ್ದು. ವರ್ಷ ಮುಗಿಯುವ ಹೊತ್ತಿಗೆ ಕೆಲವು ಕಂಪನಿಗಳಿಂದ ಫೋನ್ ಬರುತ್ತದೆ: ದುಡ್ಡು ಉಳಿದಿದೆ, ಬೇಗ ಖರ್ಚು ತೋರಿಸಿ. ಯಂತ್ರವಾದರೆ ಒಂದು ವಾರದಲ್ಲಿ ಕೊಳ್ಳಬಹುದು. ನರ್ಸ್ ಸಂಬಳವನ್ನು ಒಂದು ವಾರದಲ್ಲಿ ಖರ್ಚು ಮಾಡುವುದು ಹೇಗೆ? ಅದಕ್ಕೇ ನಾನು ಮೊದಲ ಭೇಟಿಯಲ್ಲೇ, ನಮ್ಮ ಕೆಲಸವನ್ನು ಒಂದು ವರ್ಷಕ್ಕೆ ಮುಗಿಯದ 'ನಡೆಯುತ್ತಿರುವ ಯೋಜನೆ' ಎಂದು ಕಂಪನಿಯ ಆಡಳಿತ ಮಂಡಳಿಯಲ್ಲಿ ಮಂಜೂರು ಮಾಡಿಸಿ ಅಂತ ಕೇಳುತ್ತೇನೆ. ಆಗ ಉಳಿದ ಹಣವನ್ನು ಕಂಪನಿ ಪ್ರತ್ಯೇಕ ಖಾತೆಗೆ ಹಾಕಿ ಮುಂದಿನ 3 ವರ್ಷದೊಳಗೆ ನಮಗೇ ಕೊಡಬಹುದು. ಎಲ್ಲರೂ ಒಪ್ಪುವುದಿಲ್ಲ. ಒಪ್ಪಿದವರ ಜೊತೆ ಕೆಲಸ ಸಲೀಸು. ಸಿಎಸ್‌ಆರ್ ಹಣ ಪಡೆಯಲು ಬೇಕಾದ ಸಿಎಸ್‌ಆರ್-1 ನೋಂದಣಿ, 12ಎ (ಸಂಸ್ಥೆಗೆ ತೆರಿಗೆ ವಿನಾಯಿತಿ), 80ಜಿ (ದಾನಿಗಳಿಗೆ ತೆರಿಗೆ ರಿಯಾಯಿತಿ) ಪತ್ರಗಳು ಸಿದ್ಧವಿಲ್ಲದಿದ್ದರೆ ಮಾತ್ರ ಯಾರೂ ಒಳಗೇ ಬಿಡುವುದಿಲ್ಲ.

ಸಣ್ಣ ದಾನಿಗಳ ಹಣವನ್ನು ಬೇರೆ ಇಡುತ್ತೇನೆ. ಹೊಸ ತೆರಿಗೆ ಪದ್ಧತಿಗೆ ಹೋದವರಿಗೆ 80ಜಿ ರಸೀದಿಯಿಂದ ಲಾಭವಿಲ್ಲ. ಆದರೂ ಕೊಡುತ್ತಾರೆ, ಪುಣ್ಯಾತ್ಮರು. ರಾತ್ರಿ ವಾಣಿ ವಿಲಾಸ ಸರ್ಕಾರಿ ಹೆರಿಗೆ ಆಸ್ಪತ್ರೆಗೆ ಆಟೋ ಬಾಡಿಗೆ, ರೇಷನ್ ಕಾರ್ಡ್ ಊರಲ್ಲೇ ಬಿಟ್ಟು ಬಂದವರ ಸ್ಕ್ಯಾನಿಂಗ್ ಖರ್ಚು ಇಂಥವು ಯಾವ ಕಂಪನಿಯ ಬಜೆಟ್ಟಿನಲ್ಲೂ ಕೂರುವುದಿಲ್ಲ. ಅವೆಲ್ಲ ಈ ಖಾತೆಯಿಂದಲೇ ಹೋಗುತ್ತವೆ. ತಿಂಗಳ ಕೊನೆಗೆ ಖರ್ಚಿನ ಪಟ್ಟಿ ದಾನಿಗಳ ವಾಟ್ಸಾಪ್‌ಗೆ ಕಳಿಸುತ್ತೇನೆ, ರೋಗಿಗಳ ಹೆಸರು, ಫೋಟೊ ಯಾವುದೂ ಇಲ್ಲದೆ.