ಚರ್ಚಿಲ್ ಕುರಿತ ಕಥೆಗಳನ್ನೂ ನೆನಪಿನ ವಸ್ತುಗಳನ್ನೂ ಪರೀಕ್ಷಿಸುವ ಬಗೆ

ವಿನ್‌ಸ್ಟನ್ ಚರ್ಚಿಲ್ ಅವರ ಹೆಸರಿನಲ್ಲಿ ಓಡಾಡುವ ಯಾವುದೇ ಸ್ವಾರಸ್ಯಕರ ಪ್ರಸಂಗವನ್ನು ನಂಬುವ ಮೊದಲು, ಅದು ಎಲ್ಲಿ ಮತ್ತು ಯಾವಾಗ ಮೊದಲು ದಾಖಲಾಯಿತು ಎಂಬುದನ್ನು ಹುಡುಕಬೇಕು. ಯುದ್ಧಕಾಲದ ರಹಸ್ಯ ಅಧಿವೇಶನಗಳನ್ನು ಬಿಟ್ಟರೆ, ಅವರು ಬ್ರಿಟನ್ನಿನ ಸಂಸತ್ತಿನಲ್ಲಿ ಆಡಿದ ಮಾತುಗಳು ಹ್ಯಾನ್ಸರ್ಡ್ ಎಂಬ ಅಧಿಕೃತ ವರದಿಯಲ್ಲಿವೆ. ಅದನ್ನು ಅಂತರ್ಜಾಲದಲ್ಲಿ ದಿನಾಂಕ ಹಿಡಿದು ಯಾರು ಬೇಕಾದರೂ ಓದಬಹುದು. ಅವರ ಪತ್ರಗಳೂ ಭಾಷಣದ ಕರಡುಗಳೂ ಕೇಂಬ್ರಿಡ್ಜ್‌ನ ಚರ್ಚಿಲ್ ಕಾಲೇಜಿನ ಪತ್ರಾಗಾರದಲ್ಲಿವೆ.

ನಮ್ಮಲ್ಲಿ ಅತಿ ಹೆಚ್ಚು ಹಂಚಿಕೆಯಾಗುವ ಮಾತನ್ನೇ ಹೀಗೆ ಪರೀಕ್ಷಿಸಿ ನೋಡಿ. ಭಾರತಕ್ಕೆ ಸ್ವಾತಂತ್ರ್ಯ ಕೊಟ್ಟರೆ ಅಧಿಕಾರ ದುಷ್ಟರ, ಲೂಟಿಕೋರರ ಕೈಸೇರುತ್ತದೆ, ಗಾಳಿ ನೀರಿಗೂ ತೆರಿಗೆ ಬೀಳುತ್ತದೆ ಎಂದು ಚರ್ಚಿಲ್ ಸಂಸತ್ತಿನಲ್ಲಿ ನುಡಿದರೆಂಬ ಆ ಉದ್ಧರಣೆ ಹ್ಯಾನ್ಸರ್ಡ್‌ನಲ್ಲಿ ಸಿಗುವುದಿಲ್ಲ. ಆದರೆ 1947ರ ಮಾರ್ಚ್ 6ರ ಚರ್ಚೆಯನ್ನು ತೆರೆದರೆ, ಭಾರತದ ಆಡಳಿತವನ್ನು ಕೆಲವೇ ವರ್ಷಗಳಲ್ಲಿ ಗುರುತೂ ಉಳಿಯದ ಹುಲ್ಲುಬೊಂಬೆಗಳಿಗೆ ಒಪ್ಪಿಸಲಾಗುತ್ತಿದೆ ಎಂಬರ್ಥದ ಅವರ ಮಾತು ಕಾಣುತ್ತದೆ. ನಿಜವಾದ ತಿರಸ್ಕಾರವೇ ದಾಖಲೆಯಲ್ಲಿರುವಾಗ ಕಟ್ಟುಕಥೆಯನ್ನು ಹಂಚುವ ಅಗತ್ಯವಿಲ್ಲ. ಅವರನ್ನು ಟೀಕಿಸುವವರೂ ಮೆಚ್ಚುವವರೂ ಮೂಲವನ್ನೇ ಓದಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಎರಡನೆಯದಾಗಿ, ಕಥೆಯ ಕಾಲ ಮತ್ತು ವಿವರಗಳು ಹೊಂದುತ್ತವೆಯೇ ಎಂದು ನೋಡಬೇಕು. ಅಲೆಕ್ಸಾಂಡರ್ ಫ್ಲೆಮಿಂಗ್ ಕಂಡುಹಿಡಿದ ಪೆನಿಸಿಲಿನ್ ಯುದ್ಧಕಾಲದಲ್ಲಿ ಚರ್ಚಿಲ್ ಅವರನ್ನು ಉಳಿಸಿತು ಎಂಬ ಕಥೆ ಬಹಳ ಜನಪ್ರಿಯ. 1943ರ ಡಿಸೆಂಬರಿನಲ್ಲಿ ಟ್ಯುನೀಷಿಯಾದಲ್ಲಿ ನ್ಯುಮೋನಿಯಾ ಬಂದಾಗ ವೈದ್ಯರು ಅವರಿಗೆ ಕೊಟ್ಟದ್ದು ಪೆನಿಸಿಲಿನ್ ಅಲ್ಲ, ಎಂ ಅಂಡ್ ಬಿ 693 ಎಂಬ ಸಲ್ಫಾ ಔಷಧ. ಇದಕ್ಕೆ ವ್ಯತಿರಿಕ್ತವಾಗಿ, ಯುವ ಸೇನಾಧಿಕಾರಿಯಾಗಿ ಬೆಂಗಳೂರಿನಲ್ಲಿದ್ದ ಚರ್ಚಿಲ್ ಅಲ್ಲಿನ ಕ್ಲಬ್ಬಿಗೆ ಸಾಲ ಉಳಿಸಿಕೊಂಡಿದ್ದರು ಎಂಬ, ಕಟ್ಟುಕಥೆಯಂತೆ ಕೇಳಿಸುವ ಪ್ರಸಂಗಕ್ಕೆ ಆಧಾರವಿದೆ: 1899ರಲ್ಲಿ ಬೆಂಗಳೂರು ಕ್ಲಬ್ಬಿನ ದಾಖಲೆ ಪುಸ್ತಕದಲ್ಲಿ ಬಾಕಿದಾರರ ಪಟ್ಟಿಯಲ್ಲಿ ಲೆಫ್ಟಿನೆಂಟ್ ಚರ್ಚಿಲ್ ಹೆಸರಿನ ಮುಂದೆ 13 ರೂಪಾಯಿ ಎಂದು ಬರೆಯಲಾಗಿದೆ.

ವಸ್ತುಗಳನ್ನು ಕೊಳ್ಳುವವರು ಇನ್ನಷ್ಟು ಎಚ್ಚರ ವಹಿಸಬೇಕು. ಚರ್ಚಿಲ್ ತೀರಿಕೊಂಡ 1965ರಲ್ಲಿ ಅವರ ನೆನಪಿಗೆ ಹೊರಬಂದ ಐದು ಶಿಲಿಂಗಿನ ಕ್ರೌನ್ ನಾಣ್ಯವನ್ನು 1.9 ಕೋಟಿಗೂ ಹೆಚ್ಚು ಸಂಖ್ಯೆಯಲ್ಲಿ ಟಂಕಿಸಲಾಗಿತ್ತು. ಅಪರೂಪದ್ದೆಂದು ಹೇಳಿ ಮಾರಿದರೆ ದುಬಾರಿ ಬೆಲೆ ತೆರಬೇಡಿ. ಕೈಬರಹದ ಕೃತಜ್ಞತಾ ಪತ್ರ ಸಿಕ್ಕಿದರೆ ಅದನ್ನು ಭೂತಗನ್ನಡಿಯಲ್ಲಿ ನೋಡಿ: ಶುಭಾಶಯ ಕಳುಹಿಸಿದ ಅಸಂಖ್ಯ ಜನರಿಗೆ ಅವರು ತಮ್ಮ ಅಕ್ಷರದ ಮುದ್ರಿತ ಪ್ರತಿಗಳನ್ನೇ ಕಳುಹಿಸುತ್ತಿದ್ದರು, ಅವುಗಳಲ್ಲಿ ಪೆನ್ನಿನ ಒತ್ತಡದ ಗುರುತಾಗಲಿ, ಗೆರೆ ಗೆರೆಯನ್ನು ದಾಟುವಲ್ಲಿ ಶಾಯಿ ಗಾಢವಾಗುವುದಾಗಲಿ ಇರುವುದಿಲ್ಲ. ಹಳೆಯ ಪುಸ್ತಕಗಳಲ್ಲಿ ಲೇಖಕರ ಹೆಸರನ್ನು ಪೂರ್ತಿ ಓದಿ. ಅದೇ ಹೆಸರಿನ ಅಮೆರಿಕನ್ ಕಾದಂಬರಿಕಾರರೊಬ್ಬರು ಆಗಲೇ ಪ್ರಸಿದ್ಧರಾಗಿದ್ದುದರಿಂದ ರಾಜಕಾರಣಿ ಚರ್ಚಿಲ್ ತಮ್ಮ ಪುಸ್ತಕಗಳಿಗೆ ವಿನ್‌ಸ್ಟನ್ ಎಸ್. ಚರ್ಚಿಲ್ ಎಂದು ಹೆಸರು ಹಾಕಲು ಒಪ್ಪಿಕೊಂಡಿದ್ದರು. ಧ್ವನಿಮುದ್ರಿಕೆಗಳಿಗೂ ಇದೇ ಎಚ್ಚರ ಬೇಕು: ಕಡಲತೀರಗಳಲ್ಲಿ ಹೋರಾಡುತ್ತೇವೆ ಎಂಬ 1940ರ ಜೂನ್ 4ರ ಭಾಷಣವನ್ನು ಸಂಸತ್ತಿನಲ್ಲಿ ಧ್ವನಿಮುದ್ರಿಸಿರಲಿಲ್ಲ, ಇಂದು ನಾವು ಕೇಳುವುದು 1949ರಲ್ಲಿ ಅವರು ಮತ್ತೆ ಓದಿ ದಾಖಲಿಸಿದ್ದನ್ನು.

ಸಹಿಯಿರುವ ಛಾಯಾಚಿತ್ರಗಳ ವಿಷಯದಲ್ಲಿ ಸಂಸ್ಥೆಗಳೇ ಮೋಸಹೋಗಿವೆ. 1941ರ ಡಿಸೆಂಬರ್ 30ರಂದು ಒಟ್ಟಾವಾದಲ್ಲಿ ಯೂಸುಫ್ ಕಾರ್ಶ್ ಅವರು ಚರ್ಚಿಲ್ ಬಾಯಿಂದ ಸಿಗಾರನ್ನು ಕಿತ್ತುಕೊಂಡು ತೆಗೆದ ಪ್ರಸಿದ್ಧ ಚಿತ್ರದ ಒಂದು ಮೂಲಪ್ರತಿ ಅದೇ ನಗರದ ಶಾಟೋ ಲೊರಿಯೆ ಹೋಟೆಲಿನ ಗೋಡೆಯ ಮೇಲಿತ್ತು. ಅದನ್ನು ಯಾರೋ ಕದ್ದು ನಕಲಿಯನ್ನು ತೂಗುಹಾಕಿದ್ದರು; ತಿಂಗಳುಗಳ ನಂತರ, 2022ರ ಆಗಸ್ಟ್‌ನಲ್ಲಿ, ಚೌಕಟ್ಟು ಉಳಿದ ಚಿತ್ರಗಳಂತಿಲ್ಲವೆಂದು ಸಿಬ್ಬಂದಿಯೊಬ್ಬರು ಗಮನಿಸಿದ ಮೇಲೆ ಸಹಿಯೂ ಖೋಟಾ ಎಂದು ತಿಳಿಯಿತು, 2024ರಲ್ಲಿ ಅಸಲು ಚಿತ್ರ ಇಟಲಿಯಲ್ಲಿ ಪತ್ತೆಯಾಯಿತು. ಆದ್ದರಿಂದ ಕೊಳ್ಳುವಾಗ ಹಿಂದಿನ ಒಡೆಯರ ಹೆಸರು, ಹರಾಜಿನ ರಸೀದಿಗಳನ್ನು ಕೇಳಿ ಪಡೆಯಿರಿ. ಕೊಂಡ ದಿನವೇ ಸಹಿ, ಚೌಕಟ್ಟು ಮತ್ತು ಹಿಂಬದಿಯ ಚಿತ್ರಗಳನ್ನು ತೆಗೆದು, ಅವುಗಳನ್ನು ವಸ್ತುವಿನ ಜೊತೆಗಲ್ಲದೆ ಬೇರೆ ಕಡೆ ಇಡಿ.