ನೆಗೆಟಿವ್ ಸ್ಕ್ಯಾನ್: ಕನ್ನಡಿ ಇಟ್ಟ ಮೇಲೆ ಶಾರ್ಪ್ ಬಂತು

ಫ್ಲಾಟ್‌ಬೆಡ್ ಸ್ಕ್ಯಾನರ್ ಮಾರಿಬಿಟ್ಟೆ. 35 ಎಂಎಂ ನೆಗೆಟಿವ್‌ಗಳನ್ನು ಈಗ ಕ್ಯಾಮೆರಾದಲ್ಲೇ ತೆಗೆಯುತ್ತೇನೆ, ಮೂಲೆಯಿಂದ ಮೂಲೆಗೆ ಗ್ರೇನ್, ಅಂದರೆ ಫಿಲ್ಮಿನ ಸಣ್ಣ ಕಣ, ಕಾಣುತ್ತದೆ. "ಇದು ಮನ್ಯಾಗ ಆಗೂದಲ್ಲ ಬಿಡು, ಬೆಂಗಳೂರಿಗೆ ಕಳಿಸು" ಅಂದಿದ್ದ ಹುಬ್ಬಳ್ಳಿಯ ಸ್ಟುಡಿಯೋ ಗೆಳೆಯರೇ ಈಗ ಹಳೇ ಮದುವೆ ನೆಗೆಟಿವ್ ಹಿಡಿದುಕೊಂಡು ಬರುತ್ತಿದ್ದಾರೆ.

ಫ್ಲಾಟ್‌ಬೆಡ್‌ಗೆ ಸುಮಾರು 25,000 ಸುರಿದಿದ್ದೆ. ಡಬ್ಬದ ಮೇಲೆ 6400 ಡಿಪಿಐ (ಇಂಚಿಗೆ ಇಷ್ಟು ಚುಕ್ಕೆ), ಕೈಗೆ ಸಿಕ್ಕಿದ್ದು 1500ರ ಆಸುಪಾಸು. ಫೋಕಸ್ ಫಿಕ್ಸ್ ಅಲ್ವಾ, ಹೋಲ್ಡರ್ ಕೆಳಗೆ ಪೋಸ್ಟ್‌ಕಾರ್ಡ್ ಚೂರು ಇಟ್ಟು ಎತ್ತರ ಬದಲಿಸಿದೆ. ಸ್ವಲ್ಪ ಸುಧಾರಿಸಿತು. ಆದರೆ ಫಿಲ್ಮೇ ನಡುವೆ ಉಬ್ಬಿದ್ದರೆ ಎತ್ತರ ಎಷ್ಟಿಟ್ಟರೇನು? ಗಾಜು ಒತ್ತಿದರೆ ಮಳೆಗಾಲದಲ್ಲಿ ನ್ಯೂಟನ್ ರಿಂಗ್, ಅಂದರೆ ಗಾಜಿಗೆ ಫಿಲ್ಮ್ ತಾಗಿದಲ್ಲಿ ಬರುವ ಬಳೆಯಂಥ ಗೆರೆಗಳು. ಮೆಡಿಕಲ್ ಶಾಪಿನ ಲಿಕ್ವಿಡ್ ಪ್ಯಾರಾಫಿನ್ ಸವರಿ ವೆಟ್ ಮೌಂಟಿಂಗ್ ಕೂಡ ಮಾಡಿ ನೋಡಿದೆ. ಗೀರುಗಳು ಮಾಯವಾದವು, ಅದು ನಿಜ, ಬ್ಲ್ಯಾಕ್ ಅಂಡ್ ವೈಟ್‌ಗೆ ಸ್ಕ್ಯಾನರಿನ ಧೂಳು-ಗೀರು ಅಳಿಸುವ 'ಡಿಜಿಟಲ್ ಐಸ್' ಕೆಲಸ ಮಾಡುವುದಿಲ್ಲವಾದ್ದರಿಂದ ಆಸೆಯೂ ಆಯಿತು, ಆದರೆ ಒಂದು ಸ್ಟ್ರಿಪ್ ಒರೆಸಲು ಅರ್ಧ ಗಂಟೆ ಹೋದರೆ ರೋಲ್ ಮುಗಿಯುವುದು ಯಾವಾಗ?

ಗದಗಿನಲ್ಲಿ ಮುಚ್ಚಿದ ಒಂದು ಸ್ಟುಡಿಯೋದ ಎನ್‌ಲಾರ್ಜರ್ (ನೆಗೆಟಿವ್‌ನಿಂದ ದೊಡ್ಡ ಪ್ರಿಂಟ್ ಹಾಕುವ ಯಂತ್ರ) ಗುಜರಿ ಬೆಲೆಗೆ ಸಿಕ್ಕಿತು, 1500 ಇರಬೇಕು. ಹೆಡ್ ತೆಗೆದು ಆ ಕಂಬಕ್ಕೆ ಕ್ಯಾಮೆರಾ ಕೂರಿಸಿದೆ. ಅದರ ಗಾಜಿಲ್ಲದ ಕ್ಯಾರಿಯರ್ ಇದೆಯಲ್ಲ, ಫಿಲ್ಮ್ ಚಪ್ಪಟೆ ಹಿಡಿಯಲು ಅದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಜೊತೆಗೆ ಬಂದ ಲೆನ್ಸ್ ಮೂಲೆಗಳಲ್ಲಿ ಮಂಕು. ಕೊನೆಗೆ ಹಳೇ ಮೈಕ್ರೋ ನಿಕ್ಕೋರ್ 55 (ನಿಕಾನಿನ ಕ್ಲೋಸಪ್ ಲೆನ್ಸ್) ಕೊಂಡೆ, ಇನ್ನೂ ಹತ್ತಿರ ಫೋಕಸ್ ಮಾಡಿಸುವ ಪಿಕೆ-13 ರಿಂಗ್ ಸೇರಿ 11-12 ಸಾವಿರ. 24 ಮೆಗಾಪಿಕ್ಸೆಲ್ ಫುಲ್ ಫ್ರೇಮ್ ಬಾಡಿ ಮೊದಲೇ ಇತ್ತು. 1:1ರಲ್ಲಿ, ಅಂದರೆ ಸೆನ್ಸರ್ ಮೇಲೆ ಫಿಲ್ಮಿನಷ್ಟೇ ದೊಡ್ಡ ಬಿಂಬ ಬಿದ್ದಾಗ, ಪಿಕ್ಸೆಲ್ ಲೆಕ್ಕದಲ್ಲಿ 4000 ಡಿಪಿಐ ದಾಟುತ್ತದೆ.

ಆದರೂ ಎಡಗಡೆ ಶಾರ್ಪ್, ಬಲಗಡೆ ಮಸುಕು. ಇಲ್ಲೇ ಜನ ಲೆನ್ಸ್ ಬೈದು ಬಿಟ್ಟುಬಿಡುತ್ತಾರೆ. ಫಿಲ್ಮ್ ಜಾಗದಲ್ಲಿ ಚಿಕ್ಕ ಕನ್ನಡಿ ಇಡಿ. ಲೈವ್ ವ್ಯೂನಲ್ಲಿ ಲೆನ್ಸಿನದೇ ಬಿಂಬಕ್ಕೆ ಫೋಕಸ್ ಮಾಡಿ, ಅದು ಫ್ರೇಮಿನ ನಟ್ಟನಡುವೆ ಬರುವ ತನಕ ಕ್ಯಾಮೆರಾ ವಾಲಿಸಿ. ಒಂದು ಡಿಗ್ರಿ ಓರೆಯಾದರೂ 36 ಎಂಎಂ ಅಗಲದಲ್ಲಿ ಅರ್ಧ ಮಿಲಿಮೀಟರ್‌ಗಿಂತ ಜಾಸ್ತಿ ತಪ್ಪುತ್ತದೆ, ಗ್ರೇನ್ ಅದನ್ನು ಕ್ಷಮಿಸುವುದಿಲ್ಲ. 20 ರೂಪಾಯಿಯ ಕನ್ನಡಿ ಮಾಡಿದ ಕೆಲಸವನ್ನು 25,000ದ ಸ್ಕ್ಯಾನರ್ ಮಾಡಲಿಲ್ಲ.

ಫೋಕಸ್ ಗ್ರೇನ್ ಮೇಲೇ, 10ಎಕ್ಸ್‌ನಲ್ಲಿ. ಎಫ್/5.6 ಸಾಕು. 11ಕ್ಕೆ ಹೋದರೆ ಡಿಫ್ರಾಕ್ಷನ್, ಅಂದರೆ ಸಣ್ಣ ಕಿಂಡಿಯಲ್ಲಿ ಬೆಳಕು ಚದುರುವುದು, ಶಾರ್ಪ್‌ನೆಸ್ ತಿನ್ನುತ್ತದೆ. ಲೈಟ್ ಪ್ಯಾನೆಲ್ ಫಿಲ್ಮಿಗಿಂತ ನಾಲ್ಕು ಬೆರಳು ಕೆಳಗಿರಲಿ, ಇಲ್ಲದಿದ್ದರೆ ಅದರ ಧೂಳೂ ಫೋಟೋದಲ್ಲಿ ಬರುತ್ತದೆ. ನಮ್ಮ ಮನೆ ಗದಗ ರೋಡಿನ ಕಡೆ, ರೈಲ್ವೆ ಲೈನ್ ಹತ್ತಿರ. ಗೂಡ್ಸ್ ಗಾಡಿ ಹೋದರೆ ಟೇಬಲ್ ನಡುಗುತ್ತದೆ. ಗ್ರಾನೈಟ್ ತುಂಡು ಹಾಕಿದೆ, ಶಟರಿನ ಅದುರು ತಗ್ಗಿಸುವ ಎಲೆಕ್ಟ್ರಾನಿಕ್ ಫಸ್ಟ್ ಕರ್ಟನ್ ಆನ್ ಮಾಡಿದೆ, ಗಾಡಿ ಬಂದರೆ ಸುಮ್ನೆ ಕಾಯುತ್ತೇನೆ.

ನನ್ನ ಪರೀಕ್ಷೆಯ ನೆಗೆಟಿವ್ ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯ ಬಾಗಿಲವಾಡದ್ದು, ಊಟಿಯಲ್ಲಿ ತಯಾರಾಗುತ್ತಿದ್ದ 'ಇಂದು' ಬ್ರ್ಯಾಂಡಿನ ಫಿಲ್ಮಿನಲ್ಲಿ ತೆಗೆದದ್ದು. ಪಟ್ಟಿ ಪಟ್ಟಿಯಾಗಿ ಇಳಿಯುವ ಆ ಸೂಕ್ಷ್ಮ ಕೆತ್ತನೆ ಫ್ಲಾಟ್‌ಬೆಡ್‌ನಲ್ಲಿ ಬರೀ ಬೂದು ಗೆರೆ. ಈಗ ಬಳ್ಳಿಯ ಸುರುಳಿ ಒಂದೊಂದಾಗಿ ಎಣಿಸಬಹುದು.

ಕಲರ್ ನೆಗೆಟಿವ್‌ನ ಕಿತ್ತಳೆ ಬಣ್ಣ ತೆಗೆಯುವ ನನ್ನ ಕರ್ವ್ (ಎಡಿಟಿಂಗ್ ಸೆಟ್ಟಿಂಗ್), ಸುರುಳಿಗಟ್ಟಿದ ಹಳೇ ಸ್ಟ್ರಿಪ್ ಚಪ್ಪಟೆ ಮಾಡುವ ವಿಧಾನ, ಇವೆರಡನ್ನು ಮಾತ್ರ ನಾನು ಹೇಳುವುದಿಲ್ಲ. ಅದು ನನ್ನ ಹೊಟ್ಟೆಪಾಡು. ಮುಂದಿನದು 35 ಎಂಎಂಗಿಂತ ಅಗಲವಾದ 120 ಫಿಲ್ಮ್. ತಾರಿಹಾಳದ ಲೇಥ್‌ನವರು ಅದಕ್ಕೆ ಕ್ಯಾರಿಯರ್ ಕೊರೆದುಕೊಡಲು 800 ಕೇಳಿದ್ದಾರೆ, 600ಕ್ಕೆ ಇಳಿಸುವ ಮಾತು ನಡೆದಿದೆ.