ಕೋಶಕೇಂದ್ರದೊಳಗಿನ ಫಾಸ್ಫೋಲಿಪಿಡ್: ಕುರಿ ಲಿವರ್‌ನಿಂದ ಬೇರ್ಪಡಿಸಿದ ನನ್ನ ಅನುಭವ

ಕೋಶಕೇಂದ್ರದ ಹೊರಪೊರೆ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನ (ಜೀವಕೋಶದೊಳಗಿನ ಪೊರೆಗಳ ಜಾಲ) ಮುಂದುವರಿಕೆ. ಅದನ್ನು ಕಳಚದೆ ಫಾಸ್ಫೋಲಿಪಿಡ್ (ಪೊರೆಗಳನ್ನು ಕಟ್ಟುವ ಕೊಬ್ಬಿನ ಬಗೆ) ಅಳೆದರೆ ಬರುವುದು ರೆಟಿಕ್ಯುಲಮ್‌ನ ಲೆಕ್ಕ, ಒಳಗಿನದ್ದಲ್ಲ. ಹಾಗಾಗಿ ಕೆಲಸದ ಮುಕ್ಕಾಲು ಪಾಲು ಶುದ್ಧೀಕರಣವೇ.

ದಾವಣಗೆರೆಯಲ್ಲಿ ಬೆಳಿಗ್ಗೆ ಆಗಷ್ಟೇ ಕೊಯ್ದ ಕುರಿಯ ಲಿವರ್ ಸಿಗುತ್ತದೆ. ಅಂಗಡಿಯಲ್ಲೇ ಐಸ್ ಡಬ್ಬಿಗೆ ಹಾಕಿಸಿಕೊಳ್ಳುತ್ತೇನೆ. ಏಪ್ರಿಲ್ ಬಿಸಿಲಲ್ಲಿ ಹಾಗೇ ತಂದರೆ ಫಾಸ್ಫೋಲಿಪಿಡ್ ಒಡೆಯುವ ಕಿಣ್ವಗಳಾದ ಫಾಸ್ಫೋಲಿಪೇಸ್‌ಗಳು ದಾರಿಯಲ್ಲೇ ಕೊಬ್ಬಿನಾಮ್ಲ ಕಳಚಲು ಶುರುಮಾಡುತ್ತವೆ.

20 ಗ್ರಾಂ ಲಿವರ್ ಕೊಚ್ಚಿ, ಮೂರುಪಟ್ಟು ದ್ರಾವಣದಲ್ಲಿ ಹೋಮೊಜಿನೈಸರ್‌ನಲ್ಲಿ ಅರೆಯುತ್ತೇನೆ. ದ್ರಾವಣ: 0.25 ಮೋಲಾರ್ ಸುಕ್ರೋಸ್, 10 ಮಿಲಿಮೋಲಾರ್ ಟ್ರಿಸ್ (ಪಿಎಚ್ 7.4), 5 ಮಿಲಿಮೋಲಾರ್ ಮೆಗ್ನೀಸಿಯಮ್ ಕ್ಲೋರೈಡ್, ಕ್ಯಾಲ್ಸಿಯಂ ಹಿಡಿಯಲು 1 ಮಿಲಿಮೋಲಾರ್ ಇಜಿಟಿಎ. ಮೆಗ್ನೀಸಿಯಮ್ ಮರೆತರೆ ಕೋಶಕೇಂದ್ರಗಳು ಒಡೆದು, ಡಿಎನ್‌ಎ ಹೊರಬಂದು ಎಲ್ಲವೂ ಲೋಳೆಯಾಗುತ್ತದೆ. ಆಮೇಲೆ ಉಳಿಸುವ ದಾರಿಯಿಲ್ಲ. ನಾಲ್ಕು ಪದರ ಮಲ್‌ಬಟ್ಟೆಯಲ್ಲಿ ಸೋಸಿ, ಸೆಂಟ್ರಿಫ್ಯೂಜ್‌ನಲ್ಲಿ 600 ಜಿ (ಗುರುತ್ವದ 600 ಪಟ್ಟು) ಬಲದಲ್ಲಿ 10 ನಿಮಿಷ ತಿರುಗಿಸಿ, ತಳದಲ್ಲಿ ಕೂತದ್ದನ್ನು 2.2 ಮೋಲಾರ್ ಸುಕ್ರೋಸ್‌ನಲ್ಲಿ ಕಲಕಿ, 4 ಡಿಗ್ರಿಯಲ್ಲಿ 80,000 ಜಿಯಲ್ಲಿ ಒಂದು ಗಂಟೆ ತಿರುಗಿಸುತ್ತೇನೆ. ಮೊದಲ ಸಲ ತಳದಲ್ಲಿ ಕೂತ ಪೆಲೆಟ್‌ನಲ್ಲಿ ನೀರು ಉಳಿದಿದ್ದರೆ ಸುಕ್ರೋಸ್ ತೆಳುವಾಗಿ ಮೈಟೊಕಾಂಡ್ರಿಯಾ ಕೂಡ ಕೆಳಗಿಳಿಯುತ್ತದೆ. ಕಲಕುವ ಮೊದಲು ಅದನ್ನು ಚೆನ್ನಾಗಿ ಬಸಿಯಿರಿ.

ಪೊರೆ ಕಳಚಲು ಐಸ್ ಮೇಲೆ ಶೇ 0.5 ಟ್ರೈಟಾನ್ ಎಕ್ಸ್-100 (ಪೊರೆ ಕರಗಿಸುವ ಡಿಟರ್ಜೆಂಟ್), 5 ನಿಮಿಷ. ಆಮೇಲೆ ಟ್ರೈಟಾನ್ ಇಲ್ಲದ ಬಫರ್‌ನಲ್ಲಿ ಎರಡು ಬಾರಿ ತೊಳೆಯಲೇಬೇಕು. ಟ್ರೈಟಾನ್ ಉಳಿದರೆ ಮುಂದಿನ ಹಂತದಲ್ಲಿ ಕ್ಲೋರೋಫಾರ್ಮ್ ಪದರ ಬೇರ್ಪಡದೆ ಹಾಲಿನಂತಾಗುತ್ತದೆ.

ಲಿಪಿಡ್ ಹೊರತೆಗೆಯಲು 0.8 ಮಿಲಿ ಮಾದರಿಗೆ 1 ಮಿಲಿ ಕ್ಲೋರೋಫಾರ್ಮ್, 2 ಮಿಲಿ ಮೆಥನಾಲ್. ಕಲಕಿ, ಮತ್ತೆ ಕ್ಲೋರೋಫಾರ್ಮ್ ಮತ್ತು ನೀರು ತಲಾ 1 ಮಿಲಿ. ಲಿಪಿಡ್ ಇರುವ ಕೆಳಪದರವನ್ನಷ್ಟೇ ತೆಗೆದು ನೈಟ್ರೋಜನ್‌ನಲ್ಲಿ ಒಣಗಿಸಿ, ಸಿಲಿಕಾ ಪ್ಲೇಟ್‌ನಲ್ಲಿ ಕ್ಲೋರೋಫಾರ್ಮ್, ಮೆಥನಾಲ್, ನೀರು 65:25:4ರಲ್ಲಿ ಓಡಿಸುತ್ತೇನೆ, ಒಂದೊಂದು ಲಿಪಿಡ್ ಒಂದೊಂದು ಚುಕ್ಕಿಯಾಗಿ ಬೇರ್ಪಡುತ್ತದೆ. ಅಯೋಡಿನ್ ಹಬೆಯಲ್ಲಿ ಮೇಲ್ಗಡೆ ಕಾರ್ಡಿಯೋಲಿಪಿನ್ (ಮೈಟೊಕಾಂಡ್ರಿಯಾದ ಲಿಪಿಡ್) ಚುಕ್ಕಿ ಕಂಡರೆ ಮೈಟೊಕಾಂಡ್ರಿಯಾ ಬೆರೆತಿದೆ. ಕೋಲಿನ್ ತಲೆಗುಂಪಿನ ಫಾಸ್ಫೋಲಿಪಿಡ್ ಆದ ಫಾಸ್ಫಾಟಿಡಿಲ್‌ಕೋಲಿನ್‌ಗಿಂತ ಕೆಳಗೆ ಲೈಸೋ (ಒಂದು ಕೊಬ್ಬಿನಾಮ್ಲ ಕಳಚಿದ ರೂಪ) ಚುಕ್ಕಿ ದಟ್ಟವಾಗಿದ್ದರೆ ಮಾದರಿ ಎಲ್ಲೋ ಬಿಸಿಯಾಗಿದೆ. ಅದನ್ನು ಕೊಬ್ಬಿನಾಮ್ಲಗಳ ಮರುಜೋಡಣೆ (ಜೀವಕೋಶವೇ ಒಂದನ್ನು ತೆಗೆದು ಇನ್ನೊಂದನ್ನು ಹಚ್ಚುವುದು) ಎಂದು ಓದಬಾರದು, ಅದು ಬರೀ ಕೊಳೆತ. ಈ ಎರಡು ಚುಕ್ಕಿ ನೋಡದೆ ಬರೆದ ಯಾವ ಅಂಕಿಯನ್ನೂ ನಾನು ನಂಬುವುದಿಲ್ಲ.

ಯಾವ ಲಿಪಿಡ್ ಹೊಸದಾಗಿ ತಯಾರಾದದ್ದು ಎಂದು ತಿಳಿಯಲು ಲಿವರ್ ಸಾಲದು, ಬೆಳೆಸಿದ ಜೀವಕೋಶ ಬೇಕು. ಅವುಗಳಿಗೆ ಒಂಬತ್ತು ಡ್ಯುಟೀರಿಯಮ್ (ಭಾರದ ಹೈಡ್ರೋಜನ್) ಇರುವ ಕೋಲಿನ್ ಕೊಟ್ಟರೆ, ಅಣುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ಹಳೆಯ ಲಿಪಿಡ್‌ನ ತಲೆಗುಂಪು 184ರಲ್ಲಿ, ಹೊಸದರದ್ದು 193ರಲ್ಲಿ ಬರುತ್ತದೆ. ಗುರುತು ಕೊಟ್ಟ ಅರ್ಧ ಗಂಟೆಗೆ ಒಂದು, ತೊಳೆದು ಕೆಲವು ಗಂಟೆ ಬಿಟ್ಟು ಇನ್ನೊಂದು ಮಾದರಿ ತೆಗೆಯಿರಿ. ಮೊದಲಿನದು ತಯಾರಿಕೆಯನ್ನು ಹೇಳುತ್ತದೆ. ಎರಡನೆಯದರಲ್ಲಿ 193ರ ಕೊಬ್ಬಿನಾಮ್ಲಗಳು ಬದಲಾಗಿದ್ದರೆ ಅದು ಮರುಜೋಡಣೆ.